ನಿಂತವರ ಪಕ್ಷ

ಕಳೆದ ಏಪ್ರಿಲ್ ತಿಂಗಳ ಒಂದು ಭಾನುವಾರ ಸಂಜೆ ನಮ್ಮ ಬಡಾವಣೆಯ ಫುಟ್‌ಬಾಲ್ ಕ್ಲಬ್ಬಿನವರು ಅಭಿಮಾನಿಗಳ ಸಭೆ ಕರೆದಿದ್ದರು. ಅಭಿಮಾನಿಗಳು ಎಂದರೆ ದೊಡ್ಡ ಮಾತಾಯಿತು. ಕಲಬುರಗಿಯ ಬಿಸಿಲಿಗೆ ಹೆದರದೆ ಫುಟ್‌ಬಾಲ್ ನೋಡಲು ಬರುವ ಮೂವತ್ತು ನಲವತ್ತು ಜನ, ಅಷ್ಟೇ. ಮೈದಾನದ ಮೂಲೆಯ ಬೇವಿನ ಮರದ ಕೆಳಗೆ ಚಹಾದಂಗಡಿಯ ಬೆಂಚುಗಳನ್ನು ಎಳೆದುಕೊಂಡು ಕುಳಿತೆವು. ಕ್ಲಬ್ಬಿನ ಕಾರ್ಯದರ್ಶಿ ನನ್ನ ತಂಗಿಯ ಮಗ. ಅವನು ನೋಟ್‌ಬುಕ್ ತೆರೆದು, ಗಂಟಲು ಸರಿಪಡಿಸಿಕೊಂಡು, ಮೊದಲನೆಯ ವಿಷಯ ಓದಿದ: ‘ಮೈದಾನದ ವಾತಾವರಣ ಸುಧಾರಿಸುವುದು.’

‘ಅದು ದೇವರ ಕೈಯಲ್ಲಿದೆಯಪ್ಪ’ ಎಂದರು ನಿವೃತ್ತ ಮಾಸ್ತರರು, ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತ. ಅಂದು ಉಷ್ಣಾಂಶ ನಲವತ್ತೆರಡು ದಾಟಿತ್ತು.

‘ಆ ವಾತಾವರಣ ಅಲ್ಲ ಸರ್. ಹಾಡು, ಬಾವುಟ, ಗದ್ದಲ... ಆಟಗಾರರಿಗೆ ಹುರುಪು ಬರಬೇಕಲ್ಲ.’

‘ಬರಲಿ. ಮೊದಲು ನೆರಳು ಮಾಡಿ. ನಮ್ಮ ಕೋಟೆಯೊಳಗಿನ ಜಾಮಿಯಾ ಮಸೀದಿ ನೋಡಿದ್ದೀಯಲ್ಲ? ಬೇರೆ ಕಡೆಯ ದೊಡ್ಡ ಮಸೀದಿಗಳಲ್ಲಿ ನಡುವೆ ಬಯಲು ಬಿಟ್ಟಿರುತ್ತಾರೆ. ಇಲ್ಲಿ 1367ರಲ್ಲಿ ಕಟ್ಟಿದವರು ಒಂದು ಮೊಳ ಜಾಗವನ್ನೂ ಬಯಲು ಬಿಡದೆ ಮೇಲೆ ಗುಮ್ಮಟಗಳನ್ನು ಹೊದಿಸಿಬಿಟ್ಟರು. ಏಕೆ ಗೊತ್ತೇನು? ಅವರು ಒಂದು ಬೇಸಗೆಯನ್ನು ಇಲ್ಲಿ ಕಳೆದಿದ್ದರು.’

ಇತಿಹಾಸಕಾರರು ಈ ಕಾರಣವನ್ನು ಒಪ್ಪುತ್ತಾರೋ ಇಲ್ಲವೋ, ಬೇವಿನ ಮರದ ಕೆಳಗಿದ್ದವರು ಒಬ್ಬರೂ ತಕರಾರು ಮಾಡಲಿಲ್ಲ.

ಗದ್ದಲದ ವಿಷಯ ಬೇಗ ಮುಗಿಯಿತು. ಹೋಳಿಗೆ ಬಾರಿಸಿದ ಹಲಗೆಗಳು ಮನೆಮನೆಯ ಗೋಡೆಗೆ ತೂಗುಬಿದ್ದಿವೆ, ಅವುಗಳನ್ನೇ ತರುವುದು ಎಂದಾಯಿತು. ಕೂಗಿಗೇನೂ ನಮ್ಮಲ್ಲಿ ಬಡತನವಿಲ್ಲ. ಚೆಂಡು ಗೋಲಿನ ಹತ್ತಿರ ಬಂದಾಗ ಅರ್ಧ ಜನ ‘ಹೊಡಿ’ ಎನ್ನುತ್ತಾರೆ, ಉಳಿದರ್ಧ ‘ಮಾರೋ’ ಎನ್ನುತ್ತಾರೆ. ನಮ್ಮ ಮುಂಪಡೆಯ ಹುಡುಗ ಎರಡೂ ಭಾಷೆ ಬಲ್ಲವನಾದರೂ ಚೆಂಡನ್ನು ಕಂಬದ ಆಚೆಗೇ ಕಳಿಸುತ್ತಾನೆ.

ಜಗಳ ಎದ್ದದ್ದು ಮೂರನೆಯ ವಿಷಯಕ್ಕೆ. ಬಟ್ಟೆ ವ್ಯಾಪಾರಿಯೊಬ್ಬರು ಕ್ಲಬ್ಬಿಗೆ ನೂರು ಪ್ಲಾಸ್ಟಿಕ್ ಕುರ್ಚಿ ಕೊಡಿಸಲು ಮುಂದೆ ಬಂದಿದ್ದರು. ಪ್ರತಿ ಕುರ್ಚಿಯ ಬೆನ್ನಿಗೆ ಅವರ ತಂದೆಯವರ ಹೆಸರು ಬರೆಸಬೇಕು, ಅಷ್ಟೇ ಷರತ್ತು. ‘ಇನ್ನು ಮೇಲೆ ನಮ್ಮ ಪ್ರೇಕ್ಷಕರು ಗೌರವದಿಂದ ಕುಳಿತು ಆಟ ನೋಡಬಹುದು’ ಎಂದು ಅಳಿಯ ಹೇಳಿ ಮುಗಿಸುವಷ್ಟರಲ್ಲಿ ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ಎದ್ದು ನಿಂತ. ರಾತ್ರಿಯೆಲ್ಲ ಮೊಬೈಲಿನಲ್ಲಿ ವಿಲಾಯತಿ ಪಂದ್ಯ ನೋಡಿ ಬೆಳಗ್ಗೆ ಕಾಲೇಜಿನಲ್ಲಿ ನಿದ್ದೆ ಮಾಡುವ ಪೈಕಿಯವನು.

‘ಅಣ್ಣಾ, ಇಂಗ್ಲೆಂಡಿನವರು ಮೈದಾನದಲ್ಲಿ ನಿಂತು ಆಟ ನೋಡುವ ಹಕ್ಕಿಗಾಗಿ ಮೂವತ್ತು ವರ್ಷದ ಹತ್ತಿರ ಗುದ್ದಾಡಿದ್ದಾರೆ. ನಾವು ಪುಕ್ಕಟೆ ಸಿಕ್ಕಿದ್ದನ್ನು ಬಿಟ್ಟು ಕುರ್ಚಿ ತರುತ್ತಿದ್ದೇವೆ.’

ನಾನು ತಕ್ಷಣ ಅವನ ಪಕ್ಷ ಸೇರಿದೆ. ಅರುವತ್ತರ ಹತ್ತಿರ ಬಂದ ನನ್ನ ಎಡ ಮೊಣಕಾಲು ಮಾತ್ರ ಒಳಗೊಳಗೇ ಅಳಿಯನ ಪರವಾಗಿತ್ತು ಎಂಬುದನ್ನು ಅಲ್ಲಿ ಹೇಳಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ನಾವು ನಿಂತು ನೋಡುವುದನ್ನು ಕಲಿತದ್ದು ಯಾವ ತತ್ವದಿಂದಲೂ ಅಲ್ಲ, ಕಲ್ಲಿನಿಂದ. ಮೈದಾನದ ಪಡುವಣ ಬದಿಗೆ ಹಿರಿಯರು ಯಾವಾಗಲೋ ಮೂರು ಮೆಟ್ಟಿಲು ಕಟ್ಟಿಸಿ, ಶಹಾಬಾದಿನ ಹಾಸುಗಲ್ಲು ಹೊದಿಸಿದ್ದಾರೆ. ಮನೆಯ ನೆಲಕ್ಕೆ ಹಾಸಿದರೆ ತಣ್ಣಗಿರುವ ಆ ಕಲ್ಲು ದಿನವಿಡೀ ಬಿಸಿಲು ಕುಡಿದರೆ ಹಂಚಿನಂತಾಗುತ್ತದೆ. ತಟ್ಟಿದ ರೊಟ್ಟಿ ಹಾಕಿದರೆ ಒಂದು ಬದಿಯಾದರೂ ಬೆಂದೀತು. ಸಂಜೆ ನಾಲ್ಕೂವರೆಗೆ ಪಂದ್ಯ ಶುರುವಾದರೆ ಕಲ್ಲು ಕೂರುವಂತಾಗುವುದು ಆರರ ಮೇಲೆ, ಎಂದರೆ ಪಂದ್ಯ ಮುಗಿಯುವ ಹೊತ್ತಿಗೆ. ಹೊಸಬರು ಬಂದು, ಖಾಲಿ ಮೆಟ್ಟಿಲು ನೋಡಿ, ಹಿಗ್ಗಿ ಕುಳಿತು, ಅಷ್ಟೇ ಬೇಗ ಏಳುವುದನ್ನು ನೋಡುವುದು ನಮ್ಮ ಪಂದ್ಯಗಳ ಮೊದಲ ಮನರಂಜನೆ.

ಅಪ್ಪ ನನ್ನನ್ನು ಸೈಕಲ್ಲಿನ ಅಡ್ಡಕಂಬಿಯ ಮೇಲೆ ಕೂರಿಸಿಕೊಂಡು ಇದೇ ಮೈದಾನಕ್ಕೆ ಬರುತ್ತಿದ್ದರು. ಬಂದ ಮೇಲೆ ನನ್ನನ್ನು ಇಳಿಸಿ, ಸೈಕಲ್ಲನ್ನು ಗೆರೆಯ ಪಕ್ಕಕ್ಕೆ ಸ್ಟ್ಯಾಂಡ್ ಹಾಕಿ, ಎಡಗಾಲು ನೆಲಕ್ಕೆ ಊರಿ, ಬಲತೊಡೆಯನ್ನು ಸೀಟಿಗೆ ಒರಗಿಸಿ ನಿಲ್ಲುತ್ತಿದ್ದರು. ಒಂದು ಕೈ ಹ್ಯಾಂಡಲಿನ ಮೇಲೆ, ಹೆಬ್ಬೆರಳು ಗಂಟೆಯ ಮೇಲೆ. ಅದನ್ನು ನಿಂತದ್ದು ಎನ್ನಬೇಕೋ ಕುಳಿತದ್ದು ಎನ್ನಬೇಕೋ ನನಗೆ ಇಂದಿಗೂ ಗೊತ್ತಾಗಿಲ್ಲ. ನಮ್ಮ ತಂಡದ ಹುಡುಗ ಚೆಂಡು ಹಿಡಿದು ಓಡಿದಾಗ ಅಪ್ಪನ ಹೆಬ್ಬೆರಳು ತಾನಾಗಿ ಗಂಟೆ ಬಾರಿಸುತ್ತಿತ್ತು, ದಾರಿ ಬಿಡಿ ಎನ್ನುವಂತೆ. ಸಾಲಾಗಿ ಹತ್ತು ಹದಿನೈದು ಸೈಕಲ್ಲುಗಳು, ಅಷ್ಟೂ ಗಂಟೆಗಳು. ವಾತಾವರಣ ಸುಧಾರಿಸುವ ಸಭೆ ಆಗ ಯಾರೂ ಕರೆದಿರಲಿಲ್ಲ.

ನಿಂತು ಮಾಡಬಾರದ ಕೆಲಸಗಳು ನಮ್ಮಲ್ಲಿ ಎಷ್ಟೋ ಇವೆ. ನಿಂತು ಉಣ್ಣಬಾರದು, ನಿಂತು ನೀರು ಕುಡಿಯಬಾರದು ಎಂದು ಅವ್ವ ಹೇಳಿ ಹೇಳಿ ಸಾಕಾಗಿ ಬಿಟ್ಟಳು. ಆದರೆ ತೇರನ್ನು ಕುಳಿತು ನೋಡಿದವರನ್ನು ನಾನು ಕಂಡಿಲ್ಲ. ಹೋಳಿಯ ಬೆನ್ನಿಗೆ ಬರುವ ಶರಣಬಸವೇಶ್ವರರ ಜಾತ್ರೆಯಲ್ಲಿ ತೇರು ಕದಲಿದಾಗ ಅಷ್ಟೂ ಜನ ತುದಿಗಾಲಿನಲ್ಲಿರುತ್ತಾರೆ. ಎಸೆದ ಉತ್ತತ್ತಿ ಗುರಿ ಮುಟ್ಟಿತೋ ಇಲ್ಲವೋ ಎಂದು ನೋಡುವುದಕ್ಕೂ ಕುತ್ತಿಗೆ ಚಾಚಬೇಕು. ಜಾತ್ರೆಯ ಕುಸ್ತಿಗೂ ಹಾಗೆಯೇ. ಕ್ರಿಕೆಟ್ ಮಾತ್ರ ಬೇರೆ ಜಾತಿ, ಅದು ಕುಳಿತವರ ಆಟ. ಆರು ಎಸೆತಕ್ಕೊಮ್ಮೆ ಬಿಡುವು ಕೊಟ್ಟು ಶೇಂಗಾ ಸುಲಿಯಲು ಅವಕಾಶ ಮಾಡಿಕೊಡುತ್ತದೆ. ಫುಟ್‌ಬಾಲಿನಲ್ಲಿ ನಲವತ್ತೈದು ನಿಮಿಷ ಚೆಂಡು ಅತ್ತಿಂದಿತ್ತ ಓಡುತ್ತಲೇ ಇರುತ್ತದೆ, ಶೇಂಗಾದ ಪೊಟ್ಟಣ ಬಿಚ್ಚಿದವನು ಗೋಲು ತಪ್ಪಿಸಿಕೊಳ್ಳುತ್ತಾನೆ.

ನಮ್ಮ ಮಾತಿನ ಭರಾಟೆಯನ್ನೆಲ್ಲ ಕೇಳಿ ಮುಗಿಸಿ ಮಾಸ್ತರರು ಕೇಳಿದರು: ‘ಎಲ್ಲ ಸರಿ. ಇಂಗ್ಲೆಂಡಿನವರು ನಿಂತವರನ್ನು ಕೂರಿಸಿದ್ದು ಯಾಕೆ, ಅದನ್ನೂ ಹೇಳು.’ ಹುಡುಗನ ದನಿ ಇಳಿಯಿತು. ಅವನಿಗೆ ಗೊತ್ತಿತ್ತು.

1989ರ ಏಪ್ರಿಲ್ 15. ಶೆಫೀಲ್ಡ್ ಊರಿನ ಹಿಲ್ಸ್‌ಬರೊ ಮೈದಾನ, ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವೆ ಸೆಮಿಫೈನಲ್. ನಿಲ್ಲುವ ಜಾಗವನ್ನು ಕಬ್ಬಿಣದ ಬೇಲಿ ಹಾಕಿ ದೊಡ್ಡಿಗಳಂತೆ ಭಾಗ ಮಾಡಿದ್ದರು. ಜನ ಆಟದ ಅಂಗಳಕ್ಕೆ ನುಗ್ಗಬಾರದೆಂದು ಮುಂದೆಯೂ ಬೇಲಿ. ಹೊರಗೆ ನೂಕುನುಗ್ಗಲು ಹೆಚ್ಚಾದಾಗ ಪೊಲೀಸರು ಒಂದು ದೊಡ್ಡ ಗೇಟು ತೆರೆಸಿದರು. ಬಂದವರೆಲ್ಲ ಎದುರಿಗೆ ಕಂಡ ಸುರಂಗದ ದಾರಿ ಹಿಡಿದು, ಆಗಲೇ ತುಂಬಿದ್ದ ನಡುವಿನ ದೊಡ್ಡಿಗಳನ್ನು ಸೇರಿದರು. ಪಕ್ಕದ ದೊಡ್ಡಿಗಳಲ್ಲಿ ಜಾಗವಿತ್ತು. ಸತ್ತವರು 97 ಜನ, ಕೊನೆಯವರು ಗಾಯಗಳೊಡನೆ ಬದುಕಿ 2021ರಲ್ಲಿ ತೀರಿಕೊಂಡರು. ತಪ್ಪು ಅಭಿಮಾನಿಗಳದ್ದಲ್ಲ ಎಂದು ನ್ಯಾಯಮಂಡಳಿ ಹೇಳಲು 2016 ಬರಬೇಕಾಯಿತು. ಆದರೆ ಅದಕ್ಕೆ ಎಷ್ಟೋ ಮೊದಲೇ, ದುರಂತದ ತನಿಖೆ ನಡೆಸಿದ ನ್ಯಾಯಾಧೀಶ ಟೇಲರರ 1990ರ ವರದಿಯ ಮೇಲೆ, ದೊಡ್ಡ ಮೈದಾನಗಳಲ್ಲಿ ಎಲ್ಲರಿಗೂ ಕುರ್ಚಿ ಹಾಕಿಸಲಾಯಿತು.

ಬೇವಿನ ಮರದ ಕೆಳಗೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನನಗೆ ನೆನಪಾದದ್ದು ಬೆಂಗಳೂರು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ 11 ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಅಲ್ಲಿ ಒಳಗೆಲ್ಲ ಕುರ್ಚಿಗಳೇ ಇದ್ದವು.

‘ಈಗ ಮತ್ತೆ ಹೇಗೆ ನಿಲ್ಲಿಸಿದರು?’ ಎಂದರು ಮಾಸ್ತರರು. ಹುಡುಗ ಚೇತರಿಸಿಕೊಂಡ. ಕುರ್ಚಿ ಹಾಕಿದರೂ ಜನ ಕೂರಲೇ ಇಲ್ಲವಂತೆ. ಎದ್ದು ನಿಂತು ಕೂಗುತ್ತಿದ್ದರು. ಗೋಲಾದಾಗ ಮೊಣಕಾಲಿನ ಎತ್ತರದ ಕುರ್ಚಿಬೆನ್ನಿಗೆ ಎಡವಿ ಮುಂದಿನ ಸಾಲಿನವರ ಮೇಲೆ ಬೀಳುತ್ತಿದ್ದರು. ಬೇಡವೆಂದರೂ ನಿಲ್ಲುವವರನ್ನು ಬೀಳದಂತೆ ನಿಲ್ಲಿಸುವುದೇ ಮೇಲು ಎಂದು ಕೊನೆಗೆ ಸರಕಾರವೂ ಒಪ್ಪಿ, 2022ರ ಜನವರಿಯಲ್ಲಿ ಐದು ಕ್ಲಬ್ಬುಗಳ ಮೈದಾನದಲ್ಲಿ ಪ್ರಯೋಗ ಮಾಡಿತು. ಪ್ರತಿ ಸಾಲಿನ ಮುಂದೆ ಸೊಂಟದೆತ್ತರಕ್ಕೆ ಒಂದು ಗಟ್ಟಿ ಕಂಬಿ. ಒಬ್ಬರಿಗೆ ಒಂದೇ ಜಾಗ, ಒಂದೇ ಚೀಟಿ. ಜರ್ಮನಿಯವರು ಈ ಉಸಾಬರಿಗೇ ಹೋಗಿರಲಿಲ್ಲ. ಡಾರ್ಟ್‌ಮಂಡಿನಲ್ಲಿ ಗೋಲಿನ ಹಿಂದಿನ ಒಂದೇ ಕಟ್ಟೆಯ ಮೇಲೆ ಸುಮಾರು 25,000 ಜನ ಹಳದಿ ಬಟ್ಟೆ ತೊಟ್ಟು ನಿಲ್ಲುತ್ತಾರೆ, ಅದಕ್ಕೆ ಹಳದಿ ಗೋಡೆ ಎಂದೇ ಹೆಸರು. ‘ಬಹಳ ದೂರ ಬೇಡ ಕಾಕಾ, ಬೆಂಗಳೂರಿನ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಆಡುವಾಗ ಪಶ್ಚಿಮದ ಕಟ್ಟೆಯವರು ಇಡೀ ಪಂದ್ಯ ನಿಂತೇ ಹಾಡುತ್ತಾರೆ’ ಎಂದ ನನ್ನತ್ತ ತಿರುಗಿ.

ಸೊಂಟದೆತ್ತರದ ಕಂಬಿ ಎಂದಾಗ ನನಗೆ ನಗು ಬಂತು. ಆಳಂದದಿಂದಲೋ ಸೇಡಂನಿಂದಲೋ ಕಲಬುರಗಿಗೆ ನಿಂತು ಬರುವ ಯಾವ ಪ್ರಯಾಣಿಕನಿಗೆ ಇದು ಗೊತ್ತಿಲ್ಲ? ಬಸ್ಸಿನ ಸೀಟಿನ ಬೆನ್ನಿಗಿರುವ ಕಂಬಿಯನ್ನು ಹಿಡಿದು, ಸೊಂಟ ಒರಗಿಸಿ, ಅರ್ಧ ಕಣ್ಣು ಮುಚ್ಚಿ ಒಂದು ತಾಸು ಕಳೆಯುವ ವಿದ್ಯೆ ನಮ್ಮವರಿಗೆ ಹುಟ್ಟಿನಿಂದ ಬಂದದ್ದು. ಅಪ್ಪನ ಸೈಕಲ್ಲೂ ಅದೇ ಅಲ್ಲವೇ? ನಿಲ್ಲುವವನಿಗೆ ಒರಗಲು ಏನಾದರೂ ಬೇಕು.

ಕಂಬಿಗೆ ದಾನಿಗಳು ಸಿಗಲಿಲ್ಲ. ಕಂಬಿಯ ಮೇಲೆ ಹೆಸರು ಬರೆಸಲು ಜಾಗವೆಲ್ಲಿ? ಕೊನೆಗೆ, ಮೇ ಮೊದಲ ವಾರದ ಪಂದ್ಯಕ್ಕೆ ಶಾಮಿಯಾನದವರಿಂದ ಅರುವತ್ತು ಕುರ್ಚಿ ಬಾಡಿಗೆಗೆ ತಂದು ನೋಡುವುದು, ಜನ ಕುಳಿತರೆ ನೂರಕ್ಕೆ ಒಪ್ಪುವುದು ಎಂದು ತೀರ್ಮಾನವಾಯಿತು. ಚುನಾವಣೆಗೆ ನಿಲ್ಲುವವರೆಲ್ಲ ಕುರ್ಚಿಗಾಗಿಯೇ ನಿಲ್ಲುವುದು, ನಾವೇನು ಹೆಚ್ಚಿನವರು ಎಂದು ಮಾಸ್ತರರು ಚಹಾದ ಲೋಟ ಎತ್ತಿದರು.

ಪಂದ್ಯದ ದಿನ ಕುರ್ಚಿಗಳು ಬಂದವು, ಕೆಂಪು ಬಣ್ಣದವು, ಎರಡು ಸಾಲು. ಜನ ಕುಳಿತರು. ಕುಳಿತದ್ದೇ ತಡ, ಅವರೆಲ್ಲ ಮದುವೆಗೆ ಬಂದ ಬೀಗರಾಗಿಬಿಟ್ಟರು. ಕಾಲ ಮೇಲೆ ಕಾಲು ಬಂತು. ಕೈ ಗದ್ದಕ್ಕೆ ಹೋಯಿತು. ನಿಂತಾಗ ‘ಓಡು, ಓಡು’ ಎಂದು ತಾವೇ ಏದುಸಿರು ಬಿಡುತ್ತಿದ್ದವರು ಈಗ ‘ಆ ಹುಡುಗನಿಗೆ ಎಡಗಾಲಿಲ್ಲ’ ಎಂದು ಊಟದಲ್ಲಿ ಉಪ್ಪು ಕಡಿಮೆಯಾದಂತೆ ಹೇಳತೊಡಗಿದರು. ಹಲಗೆಯವರು ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಎರಡು ಸಲ ಬಾರಿಸಿ ನಿಲ್ಲಿಸಿದರು. ಕುಳಿತು ಬಾರಿಸಿದ ಹಲಗೆ ಬಾಗಿಲು ತಟ್ಟಿದಂತೆ ಕೇಳಿಸುತ್ತದೆ. ನಾನೂ ಕುಳಿತೆ. ಮೊಣಕಾಲಿಗೆ ಅಷ್ಟು ಹಿತವಾದದ್ದನ್ನು ಸುಳ್ಳೆಂದು ಹೇಗೆ ಹೇಳಲಿ? ಎಂಜಿನಿಯರಿಂಗ್ ಹುಡುಗ ಗೆರೆಯ ಪಕ್ಕ ಒಬ್ಬನೇ ನಿಂತಿದ್ದ, ನನ್ನ ಕಡೆ ನೋಡಲಿಲ್ಲ.

ಆಟ ಮುಗಿಯಲು ಏಳೆಂಟು ನಿಮಿಷವಿದ್ದಾಗ ಒಂದು ಗೋಲು ಹಿಂದಿದ್ದ ನಮ್ಮವರಿಗೆ ಕಾರ್ನರ್ ಸಿಕ್ಕಿತು. ಮುಂದಿನ ಸಾಲಿನಲ್ಲಿ ಒಬ್ಬ ಎದ್ದ. ಅವನು ಎದ್ದನೆಂದು ಅವನ ಹಿಂದಿನವನು, ಆಮೇಲೆ ಎರಡೂ ಸಾಲು. ಹಲಗೆ ತೊಡೆಯಿಂದ ಎದೆಗೆ ಏರಿತು. ಹಿಂದಿದ್ದ ಗಿಡ್ಡರು ಕುರ್ಚಿಯ ಮೇಲೆಯೇ ಹತ್ತಿದರು. ನಾನು ಯಾವಾಗ ಹತ್ತಿದೆನೋ ನನಗೇ ತಿಳಿಯದು. ಮೈದಾನದ ಅಂಚು ಎರೆ ನೆಲ. ಬೇಸಗೆಗೆ ಅದು ಬಾಯಿ ಬಿಟ್ಟಿರುತ್ತದೆ, ಅಂಗೈ ಇಳಿಯುವಷ್ಟು ಬಿರುಕು. ಚೆಂಡು ಗಾಳಿಯಲ್ಲಿದ್ದಾಗ ನನ್ನ ಕುರ್ಚಿಯ ಹಿಂಗಾಲು ಒಂದು ಬಿರುಕಿನೊಳಗೆ ಇಳಿಯಿತು. ಟಕ್ ಎಂದು ಸದ್ದಾಯಿತು. ಮುಂದೆ ನಿಂತಿದ್ದವನ ಹೆಗಲು ಸಿಕ್ಕಿತು, ಹಿಡಿದುಕೊಂಡು ನೆಲಕ್ಕಿಳಿದೆ. ಬೆವರಿನಿಂದ ತೊಯ್ದಿದ್ದ ಆ ಹೆಗಲು ಬಸ್ಸಿನ ಕಂಬಿಯಷ್ಟೇ ಗಟ್ಟಿಯಾಗಿತ್ತು. ಸೀಟಿ ಊದುವವರೆಗೂ ನಾನು ಕೈ ತೆಗೆಯಲಿಲ್ಲ, ಯಾರ ಕೈ ಎಂದು ಅವನೂ ತಿರುಗಿ ನೋಡಲಿಲ್ಲ.

ಗೋಲು ಆಗಲಿಲ್ಲ. ನಮ್ಮ ಹುಡುಗನ ತಲೆಗೆ ತಾಗಿದ ಚೆಂಡು ಕಂಬದ ಮೇಲೆ ಹಾದು ಬೇವಿನ ಮರದ ಕಡೆಗೆ ಹೋಯಿತು.

ಕತ್ತಲಾಗುವ ಹೊತ್ತಿಗೆ ಶಾಮಿಯಾನದವನು ಬಂದು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಎಣಿಸಿದ. ಐವತ್ತೊಂಬತ್ತು ಸರಿಯಾಗಿದ್ದವು. ಅರುವತ್ತನೆಯದನ್ನು ಎತ್ತಿ ಹಿಡಿದು, ಮುರಿದ ಕಾಲನ್ನು ಅಲ್ಲಾಡಿಸುತ್ತ, ‘ಇದರ ಮೇಲೆ ಯಾರು ಕುಳಿತಿದ್ದರು?’ ಎಂದ.

ಅಳಿಯ ನನ್ನ ಮುಖ ನೋಡಿದ.

‘ಆಗ ಯಾರೂ ಕುಳಿತಿರಲಿಲ್ಲಪ್ಪ’ ಎಂದೆ.