ಕುಮಾರ ಪರ್ವತಕ್ಕೆ ಹೊರಟ ನಮ್ಮ ಕಡೆಯವರಿಗೆ

ಕುಕ್ಕೆ ಸುಬ್ರಹ್ಮಣ್ಯದ ಬಳಿಯ ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿಯಬಹುದು ಎಂದು ಲೇಖನವೊಂದರಲ್ಲಿ ಓದಿದೆ. ನಿಜ. ಆದರೆ ಕಲಬುರಗಿ, ಯಾದಗಿರಿ ಕಡೆಯಿಂದ ಹೋಗುವ ಹುಡುಗ ಹುಡುಗಿಯರಿಗೆ ಸ್ವಲ್ಪ ಹೇಳಲೇಬೇಕು.

ಶಿಖರದ ಎತ್ತರ 1712 ಮೀಟರ್. ಕುಕ್ಕೆಯಿಂದ ಹೊರಟರೆ ಸುಮಾರು 1600 ಮೀಟರ್ ಏರಬೇಕು. ಸ್ಕಾಟ್ಲೆಂಡಿನ ಪರ್ವತಾರೋಹಿ ನೇಸ್ಮಿತ್ 1892ರಲ್ಲಿ ಕೊಟ್ಟ ಸುಲಭ ಲೆಕ್ಕವಿದೆ: 5 ಕಿ.ಮೀ. ನಡಿಗೆಗೆ 1 ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅಂದರೆ ಬರೀ ಏರಿಗೇ ಎರಡೂವರೆ ಗಂಟೆಗಿಂತ ಜಾಸ್ತಿ. ನಡಿಗೆಯ ಸಮಯ ಬೇರೆ. ಕೂತು ಸುಧಾರಿಸಿಕೊಳ್ಳುವುದು ಇದರಲ್ಲಿ ಸೇರಿಲ್ಲ.

ಬಿಸಿಲು ನಮಗೆ ಹೊಸದಲ್ಲ, ಅಲ್ವಾ? ಆದರೆ ನಮ್ಮದು ಒಣ ಬಿಸಿಲು, ಬೆವರು ಬೇಗ ಆರುತ್ತದೆ. ಅಲ್ಲಿನ ಗಾಳಿಯಲ್ಲಿ ತೇವ ಜಾಸ್ತಿ. ಬೆವರು ಸುರಿಯುತ್ತಲೇ ಇರುತ್ತದೆ, ಮೈ ತಂಪಾಗುವುದಿಲ್ಲ. ದಾರಿಯಲ್ಲಿ ಸಿಗುವ ಗಿರಿಗದ್ದೆಯ ಭಟ್ಟರ ಮನೆ ದಾಟಿದ ಮೇಲೆ ಹುಲ್ಲುಗಾವಲು, ನೆರಳು ಕಡಿಮೆ. ನೀರಿನ ಜೊತೆ ಓಆರ್‌ಎಸ್ ಇರಲಿ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿಗಿಂತ ಒಳ್ಳೆಯದು ಬೇಕಾ? ಹಗುರ, ಕೆಡುವುದಿಲ್ಲ.

ಅಭ್ಯಾಸಕ್ಕೆ ಯಾದಗಿರಿ ಕೋಟೆ ಬೆಟ್ಟವಿದೆ. ಚೀಲ ಹಾಕಿಕೊಂಡೇ ಹತ್ತಿ ಇಳಿಯಿರಿ. ತೊಡೆ, ಮೊಣಕಾಲು ಜಾಸ್ತಿ ನೋಯುವುದು ಇಳಿಯುವಾಗಲೇ.

ಅರಣ್ಯ ಇಲಾಖೆಯ ಅನುಮತಿ ಮೊದಲೇ ಮಾಡಿಸಿ. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದು ಸೀದಾ ಹತ್ತಲು ಹೋಗಬೇಡಿ, ಒಂದು ರಾತ್ರಿ ಕುಕ್ಕೆಯಲ್ಲಿ ಮಲಗಿ. ಇನ್ನೊಂದು ಮಾತು. ಶಿಖರಕ್ಕಿಂತ ಮೊದಲು ಸಿಗುವ ಶೇಷ ಪರ್ವತ ಮುಟ್ಟಿದಾಗ ಎಲ್ಲ ಮುಗಿಯಿತು ಅನಿಸುತ್ತದೆ. ಅಲ್ಲಿಂದ ಕಾಡಿಗೆ ಇಳಿದು, ಬಂಡೆ ಹತ್ತುವುದು ಇನ್ನೂ ಬಾಕಿ ಇರುತ್ತದೆ. ಎಷ್ಟು ಗಂಟೆಗೆ ವಾಪಸ್ ತಿರುಗಬೇಕು ಎಂದು ಕೆಳಗೇ ಗೊತ್ತು ಮಾಡಿಕೊಳ್ಳಿ. ಆ ಹೊತ್ತಾದರೆ ಶೇಷ ಪರ್ವತದಿಂದಲೇ ಇಳಿದು ಬನ್ನಿ.