ಆಕಾಶ ಕಳಚಿ ಬಿದ್ದರೆ ಇನ್ನೊಂದು ಅಂಟಿಸಿ

ಆಕಾಶಕ್ಕೆ ಏಣಿ ಹಾಕುವವರನ್ನು ಕಂಡು ಹಿಂದೆ ಜನ ನಗುತ್ತಿದ್ದರು. ಈಗ ಏಣಿಯೇ ಬೇಡ. ಫೋಟೋಶಾಪ್‌ನ ಎಡಿಟ್ ಮೆನು ತೆಗೆದು ‘ಸ್ಕೈ ರಿಪ್ಲೇಸ್‌ಮೆಂಟ್’ ಒತ್ತಿದರೆ ಆಯಿತು, ಫೋಟೋದಲ್ಲಿದ್ದ ಹಳೇ ಆಕಾಶ ಮಾಯ, ಹೊಸದು ಹಾಜರ್. 2020ರ ಅಕ್ಟೋಬರ್‌ನಿಂದ ಈ ಸೌಲಭ್ಯ ಅಲ್ಲಿದೆ. ಲುಮಿನಾರ್ ಅನ್ನೋ ಸಾಫ್ಟ್‌ವೇರ್ ಅದಕ್ಕೂ ಮೊದಲೇ, 2019ರಲ್ಲೇ ಶುರು ಹಚ್ಚಿಕೊಂಡಿತ್ತು. ಅಲ್ಲಿಂದ ಈಚೆಗೆ ಮನೆ ಮಾರಾಟದ ಜಾಹೀರಾತುಗಳಲ್ಲಿ ಮೋಡ ಕವಿದ ದಿನವೇ ಬಂದಿಲ್ಲ.

ಒಂದಷ್ಟು ಆಕಾಶ ಸಾಫ್ಟ್‌ವೇರ್ ಜೊತೆಗೇ ಬರುತ್ತದೆ. ನೀಲಿಯದ್ದೊಂದು ಕಟ್ಟು, ಸೂರ್ಯಾಸ್ತದ್ದೊಂದು ಕಟ್ಟು, ‘ಸ್ಪೆಕ್ಟಾಕ್ಯುಲರ್’ ಅಂತ ಇನ್ನೊಂದು. ಬೇಕಿದ್ದರೆ ನಾವೇ ತೆಗೆದ ಆಕಾಶವನ್ನೂ ಹಾಕಿಕೊಳ್ಳಬಹುದು. ಆದರೆ ಕತ್ತೆತ್ತಿ ನೋಡೋ ತಾಳ್ಮೆ ಯಾರಿಗಿದೆ? ಹಾಗಾಗಿ ಅದೇ ಗುಲಾಬಿ ಮೋಡ ರೆಸಾರ್ಟಿನ ಮೇಲೂ ಇದೆ, ಮದುಮಕ್ಕಳ ತಲೆ ಮೇಲೂ ಇದೆ, ಸಿಮೆಂಟ್ ಕಂಪನಿ ಕ್ಯಾಲೆಂಡರಿನಲ್ಲೂ ಇದೆ. ಇಷ್ಟೆಲ್ಲ ಸುತ್ತಾಡಿದ ಮೋಡ ಎಲ್ಲೂ ಒಂದು ಹನಿ ಸುರಿಸಿದ್ದಿಲ್ಲ.

ಆಕಾಶವೇನೋ ಬದಲಾಯಿತು. ನೆಲಕ್ಕೆ ಮಾತ್ರ ಯಾರೂ ಸುದ್ದಿ ಮುಟ್ಟಿಸಿರುವುದಿಲ್ಲ. ಮೇಲೆ ಧಗಧಗ ಸೂರ್ಯ, ಕೆಳಗೆ ನಿಂತವರಿಗೆ ನೆರಳೇ ಇಲ್ಲ. ರಸ್ತೆ ಒದ್ದೆ, ಕೈಯಲ್ಲಿ ಬಿಚ್ಚಿದ ಕೊಡೆ, ಮೇಲೆ ಬಿರುಬೇಸಿಗೆ. ಕೆರೆಯಾಚೆ ಕೆಂಪು ಸಂಜೆ, ಕೆರೆಯ ನೀರಿನಲ್ಲಿ ಬೂದು ಮಧ್ಯಾಹ್ನ. ಸೊಂಟದ ಮೇಲೆ ಕೈಯಿಟ್ಟು ನಿಂತವರ ಮೊಣಕೈ ಸಂದಿ ನೋಡಿ. ಆ ಪುಟ್ಟ ತ್ರಿಕೋನದಲ್ಲಿ ಹಳೇ ಆಕಾಶ ಇನ್ನೂ ಖಾಲಿ ಮಾಡದೆ ಕೂತಿರುತ್ತದೆ.

ಕೆಲವರಿಗೆ ಸೂರ್ಯನೊಬ್ಬ ಸಾಲುವುದಿಲ್ಲ. ಮುಳುಗುವ ಸೂರ್ಯನ ಪಕ್ಕದಲ್ಲೇ ಹುಣ್ಣಿಮೆ ಚಂದ್ರನನ್ನೂ ತಂದು ಕೂರಿಸುತ್ತಾರೆ. ಸೂರ್ಯನಿಗೆ ಎದುರು ದಿಕ್ಕಿನಲ್ಲಿ ಇದ್ದರೆ ತಾನೇ ಚಂದ್ರ ತುಂಬಿ ಕಾಣೋದು? ಇರಲಿ, ಅಕ್ಕಪಕ್ಕ ಕೂತು ಮಾತಾಡಿಕೊಳ್ಳಲಿ ಬಿಡಿ. ಗಾತ್ರದ್ದು ಇನ್ನೊಂದು ಕಥೆ. ನಿಜವಾದ ಚಂದ್ರ ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟೇ ಅಗಲ. ಕೈ ಚಾಚಿ ಕಿರುಬೆರಳು ಎತ್ತಿದರೆ ಮುಚ್ಚಿಹೋಗುತ್ತಾನೆ. ಫೋಟೋದ ಚಂದ್ರನನ್ನು ಮುಚ್ಚೋಕೆ ನೀರಿನ ಟ್ಯಾಂಕೇ ಬೇಕು.

ಚಾಳಿ ಹಳೆಯದು ಅನ್ನಿ. 1850ರ ದಶಕದಲ್ಲೇ ಫ್ರಾನ್ಸಿನ ಫೋಟೋಗ್ರಾಫರ್ ಗುಸ್ತಾವ್ ಲ ಗ್ರೇ ಕಡಲಿಗೊಂದು, ಮೋಡಕ್ಕೊಂದು ನೆಗೆಟಿವ್ ತೆಗೆದು ಸೇರಿಸಿ ಪ್ರಿಂಟ್ ಹಾಕುತ್ತಿದ್ದ. ಒಂದೇ ಮೋಡವನ್ನು ಬೇರೆ ಬೇರೆ ಚಿತ್ರಕ್ಕೆ ದುಡಿಸಿಕೊಂಡದ್ದೂ ಉಂಟು. ಆದರೆ ಅವನಿಗೆ ಬೇರೆ ದಾರಿ ಇರಲಿಲ್ಲ. ಆ ಕಾಲದಲ್ಲಿ ಚಿತ್ರ ಮೂಡಿಸುತ್ತಿದ್ದ ಗಾಜಿನ ಪ್ಲೇಟುಗಳು ನೀಲಿ ಬೆಳಕಿಗೆ ಬೇಗ ಸೋಲುತ್ತಿದ್ದವು. ಕಡಲು ಸರಿಯಾಗಿ ಮೂಡುವಷ್ಟರಲ್ಲಿ ಆಕಾಶ ಸುಣ್ಣ ಬಳಿದ ಗೋಡೆಯಾಗಿರುತ್ತಿತ್ತು. ಕಂಡ ಮೋಡ ಫೋಟೋದಲ್ಲೂ ಕಾಣಲಿ ಅಂತ ಅವನು ಅಷ್ಟು ಕಷ್ಟಪಟ್ಟ. ನಮ್ಮ ಕ್ಯಾಮೆರಾ ಕಂಡ ಮೋಡವನ್ನು ಸರಿಯಾಗಿಯೇ ತೋರಿಸುತ್ತದೆ. ನಮಗೆ ಅದೇ ತೊಂದರೆ.

ಸ್ಪರ್ಧೆಗಳಲ್ಲಿ ಮಾತ್ರ ಇನ್ನೂ ಸ್ವಲ್ಪ ಮಡಿ ಉಳಿದಿದೆ. 2012ರಲ್ಲಿ ಬ್ರಿಟನ್‌ನ ಒಂದು ನಿಸರ್ಗಚಿತ್ರ ಸ್ಪರ್ಧೆಯಲ್ಲಿ ಗೆದ್ದ ಫೋಟೋಗೆ ಮೋಡ ಸೇರಿಸಿದ್ದು ಗೊತ್ತಾಗಿ, ಕೊಟ್ಟ ಪ್ರಶಸ್ತಿ ವಾಪಸ್ ಹೋಯಿತು. ಮಿಕ್ಕಂತೆ ಎಲ್ಲ ನಡೆಯುತ್ತದೆ.

ಹೊಸ ಆಕಾಶಕ್ಕೆ ಜನರ ಮುಖ ಹೊಂದದಿದ್ದರೆ? ಅದಕ್ಕೂ ಸ್ಲೈಡರ್ ಇದೆ. ಆಕಾಶವನ್ನು ಮುಖಕ್ಕೆ ಹೊಂದಿಸೋದಲ್ಲ, ಮುಖವನ್ನೇ ಆಕಾಶಕ್ಕೆ ಹೊಂದಿಸೋದು. ಎಳೆದಷ್ಟೂ ಇಡೀ ಕುಟುಂಬ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಿದ್ದರಲ್ವಾ? ಇಲ್ಲಿ ನೋಡುವವರ ಕಣ್ಣು ನೆಟ್ಟಗಿದೆ, ಫೋಟೋದಲ್ಲಿರೋ ಅಜ್ಜಿಗೇ ಕಾಮಾಲೆ. “ಆಹಾ, ಎಂಥಾ ಲೈಟಿಂಗ್!” ಅಂತ ಯಾರೋ ಹೊಗಳುತ್ತಾರೆ. “ಈ ಬೆಳಕಿಗಾಗಿ ಎರಡು ಗಂಟೆ ಕಾದೆ” ಅಂತ ಫೋಟೋಗ್ರಾಫರ್ ಉತ್ತರ ಕೊಡುತ್ತಾನೆ. ಸುಳ್ಳಲ್ಲ ಬಿಡಿ. ಅಪ್‌ಡೇಟ್ ಡೌನ್‌ಲೋಡ್ ಆಗೋಕೆ ಅಷ್ಟು ಹೊತ್ತು ಹಿಡಿದಿರುತ್ತದೆ.