‘ಮುಟ್ಟಬೇಡಿ’ ಅಂತ ಬರೆಯುತ್ತೀರಿ, ಅದೇನು ಅಂತ ಯಾಕೆ ಬರೆಯಲ್ಲ?

ಬೆಂಗಳೂರಿನಲ್ಲಿ ನಾಲ್ಕು ಜನ ನೋಡಲು ಹೋಗುವ ಜಾಗಗಳಲ್ಲಿ ಬೋರ್ಡುಗಳಿಗೇನೂ ಬರ ಇಲ್ಲ. ಮುಟ್ಟಬೇಡಿ. ಇಲ್ಲಿ ಕೂರಬೇಡಿ. ಹುಲ್ಲಿನ ಮೇಲೆ ನಡೆಯಬೇಡಿ. ಫೋಟೋ ತೆಗೆಯಬೇಡಿ. ತಿಂಡಿ ತರಬೇಡಿ. ಇವನ್ನೆಲ್ಲ ದಪ್ಪ ಅಕ್ಷರದಲ್ಲಿ, ಚೆನ್ನಾಗಿರುವ ಕನ್ನಡದಲ್ಲೇ ಬರೆದಿರುತ್ತಾರೆ. ಆದರೆ ಎದುರಿಗೆ ನಿಂತಿರುವ ಕಲ್ಲು ಯಾವುದು, ಯಾರು ನಿಲ್ಲಿಸಿದ್ದು, ಯಾಕೆ ನಿಲ್ಲಿಸಿದ್ದು ಅಂತ ಹೇಳುವ ಬೋರ್ಡು ಹುಡುಕಿ ನೋಡಿ. ಇರಲ್ಲ. ಇದ್ದರೆ ಮೊಣಕಾಲಿನ ಎತ್ತರದಲ್ಲಿ, ಬಣ್ಣ ಹೋಗಿ, ಇಂಗ್ಲಿಷಿನಲ್ಲಿ ಮೂರು ಪದ ಇರುತ್ತದೆ. ವರ್ಷಗಳಿಂದ ಇದನ್ನು ನೋಡಿ ನೋಡಿ ನನಗೆ ರೋಸಿಹೋಗಿದೆ.

ಮೊನ್ನೆ ರಜೆಗೆ ನನ್ನ ಸೋದರಮಾವ ಊರಿಂದ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದರು. ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರಾಗಿದ್ದು ರಿಟೈರ್ ಆದವರು. ದೇವಸ್ಥಾನಕ್ಕೆ ಹೋದರೆ ದಾನ ಕೊಟ್ಟವರ ಹೆಸರಿನ ಕಲ್ಲನ್ನೂ ಬಿಡದೆ ಓದುವ ಮನುಷ್ಯ. ಅಂಥವರನ್ನು ಒಂದು ಮ್ಯೂಸಿಯಂಗೆ ಕರೆದುಕೊಂಡು ಹೋದೆ. ಯಾವುದು ಅಂತ ಹೇಳುವುದಿಲ್ಲ. ಹೇಳಿದರೆ ಉಳಿದವರೆಲ್ಲ ತಮ್ಮದು ಸರಿ ಇದೆ ಅಂದುಕೊಂಡು ಸುಮ್ಮನಾಗುತ್ತಾರೆ.

ಒಳಗೆ ಹೋದರೆ ಅರ್ಧ ಲೈಟು ಆಫ್. ಮೇಲಿನ ಮಹಡಿಗೆ ಬೀಗ, ಟಿಕೆಟ್ ಮಾತ್ರ ಪೂರ್ತಿ. ಪಡಸಾಲೆಯಲ್ಲಿ ಸಾಲಾಗಿ ವೀರಗಲ್ಲುಗಳನ್ನು ನಿಲ್ಲಿಸಿದ್ದರು. ಪ್ರತಿಯೊಂದರ ಕೆಳಗೂ ಒಂದೇ ಚೀಟಿ: ಇಂಗ್ಲಿಷಿನಲ್ಲಿ ‘ವೀರಗಲ್ಲು’, ಪಕ್ಕದಲ್ಲಿ ಶತಮಾನ. ಅಷ್ಟೇ. ಯಾವ ಊರಿನದು? ಇಲ್ಲ. ಸತ್ತವನ ಹೆಸರೇನು? ಇಲ್ಲ. ಕಲ್ಲಿನ ಮೇಲೆ ಅಷ್ಟು ಸಾಲು ಹಳಗನ್ನಡ ಕೆತ್ತಿದೆಯಲ್ಲ, ಅದರಲ್ಲೇನಿದೆ? ಅದೂ ಇಲ್ಲ.

“ತಾತ, ಇವರೆಲ್ಲ ಯಾರು?” ಅಂತ ಮಗು ಕೇಳಿತು. ಮಾವ ಕನ್ನಡಕ ಸರಿ ಮಾಡಿಕೊಂಡು, ಸೊಂಟ ಬಗ್ಗಿಸಿ ಆ ಚೀಟಿಯನ್ನು ನೋಡಿದರು. “ಬರೆದಿಲ್ಲ ಪುಟ್ಟಿ” ಅಂದರು. ಆಮೇಲೆ ತಾವೇ ಹೇಳಿಕೊಟ್ಟರು. ಕೆಳಗಿನ ಪಟ್ಟಿಕೆಯಲ್ಲಿ ಯುದ್ಧ, ನಡುವೆ ಅಪ್ಸರೆಯರು ವೀರನನ್ನು ಮೇಲಕ್ಕೆ ಕರೆದೊಯ್ಯುವುದು, ಮೇಲೆ ಅವನು ಶಿವಲಿಂಗದ ಮುಂದೆ ಕೂತಿರುವುದು. ಪಕ್ಕದಲ್ಲಿದ್ದ ಇನ್ನೊಂದು ಸಂಸಾರವೂ ಬಂದು ನಿಂತು ಕೇಳಿಸಿಕೊಂಡಿತು. ಒಬ್ಬ ಮೇಷ್ಟ್ರು ಎರಡು ನಿಮಿಷದಲ್ಲಿ ಹೇಳಿದ್ದನ್ನು ಒಂದು ಬೋರ್ಡಿನ ಮೇಲೆ ಬರೆಸಲು ಇವರಿಗೆ ಇಷ್ಟು ವರ್ಷ ಸಾಲಲಿಲ್ಲವಾ?

ಮಾವನಿಗೆ ಕಾಲು ನೋವು. ಅಲ್ಲೊಂದು ಕಟ್ಟೆಯ ಮೇಲೆ ಕೂತರು. ತಕ್ಷಣ ಸೀಟಿ. “ಯಜಮಾನ್ರೇ, ಅಲ್ಲಿ ಕೂರಂಗಿಲ್ಲ, ಎದ್ದೇಳಿ.” ಸುತ್ತ ನೋಡಿದರೆ ಒಂದು ಬೆಂಚೂ ಇಲ್ಲ. ನಾನು ಆ ಹುಡುಗನನ್ನು ಈ ಕಲ್ಲುಗಳ ಬಗ್ಗೆ ಯಾರನ್ನು ಕೇಳಬೇಕು ಅಂತ ಕೇಳಿದೆ. “ನಾವು ಏಜೆನ್ಸಿ ಕಡೆಯವ್ರು ಸಾರ್, ನಮಗೇನೂ ಗೊತ್ತಿಲ್ಲ” ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ದಿನವಿಡೀ ನಿಂತು ಕೆಲಸ ಮಾಡುವ ಅವನಿಗೂ ಯಾರೂ ಒಂದು ಮಾತು ಹೇಳಿಕೊಟ್ಟಿಲ್ಲ. ತಾನು ಕಾಯುತ್ತಿರುವುದು ಏನು ಅಂತ ಕಾಯುವವನಿಗೇ ಗೊತ್ತಿಲ್ಲ. ಅವನನ್ನು ಅಲ್ಲಿ ಹಾಗೆ ನಿಲ್ಲಿಸಿದವರ ಮೇಲೆ ನನಗೆ ಸಿಟ್ಟು.

ಒಂದು ಕಲ್ಲಿಗೆ ಎಷ್ಟು ಕಥೆ ಇರುತ್ತದೆ ಅಂತ ಗೊತ್ತಿಲ್ಲದವರಿಗೆ ಆತಕೂರಿನ ಶಾಸನದ ಬಗ್ಗೆ ಹೇಳುತ್ತೇನೆ. ಅದು ನಾವು ಅವತ್ತು ಹೋಗಿದ್ದ ಕಡೆ ಇರುವುದಲ್ಲ. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮೂಲತಃ ಮಂಡ್ಯ ಜಿಲ್ಲೆಯ ಆತಕೂರಿನದು. 949ರಲ್ಲಿ ಈಗಿನ ತಮಿಳುನಾಡಿನ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ದೊಡ್ಡ ಯುದ್ಧ ಆಯಿತು. ಕೃಷ್ಣನ ಕಡೆ ಗಂಗರ ಬೂತುಗ ಇದ್ದ. ಚೋಳರ ರಾಜಾದಿತ್ಯ ಆ ಯುದ್ಧದಲ್ಲಿ ಸತ್ತ. ಬೂತುಗನ ಕಡೆಯ ಮಣಲೇರ ಎಂಬ ವೀರ ಚೆನ್ನಾಗಿ ಹೋರಾಡಿದ್ದ. ಏನು ಬೇಕೋ ಕೇಳು ಅಂದಾಗ ಅವನು ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ನಾಯಿ ಮುಂದೆ ಒಂದು ದೊಡ್ಡ ಹಂದಿಯ ಜೊತೆ ಕಾದಾಡಿತು. ಎರಡೂ ಸತ್ತವು. ಮಣಲೇರ ತನ್ನ ನಾಯಿಗಾಗಿ ಆ ಕಲ್ಲು ನಿಲ್ಲಿಸಿದ. ಅದಕ್ಕೆ ಭೂಮಿ ಬಿಟ್ಟ. ಅಲ್ಲಿನ ಗೊರವ, ಅಂದರೆ ಶಿವನ ಪೂಜಾರಿ, ಆ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಬಾರದು ಅಂತ ಶಾಸನದಲ್ಲೇ ಬರೆಸಿದ. ನಾಯಿ ಹಂದಿಯ ಮೇಲೆ ಎಗರುವುದನ್ನು ಕಲ್ಲಿನಲ್ಲಿ ಈಗಲೂ ನೋಡಬಹುದು.

ಇದನ್ನು ರಾತ್ರಿ ಮನೆಯಲ್ಲಿ ಹೇಳಿದಾಗ ಆ ಮಗು ಊಟದ ತಟ್ಟೆಯನ್ನೇ ಮರೆತು ಕೂತಿತ್ತು. ಈ ಇಡೀ ಕಥೆ ಹತ್ತು ಸಾಲಿನಲ್ಲಿ ಹಿಡಿಸುತ್ತದೆ. ಹತ್ತು ಸಾಲು! ಸರಳ ಕನ್ನಡದಲ್ಲಿ, ಕಣ್ಣಿನ ಎತ್ತರಕ್ಕೆ, ಮೇಲೊಂದು ಬಲ್ಬು. ನಾನು ಕೇಳುತ್ತಿರುವುದು ಇಷ್ಟೇ. ಹೊಸ ಕಟ್ಟಡ ಕೇಳುತ್ತಿಲ್ಲ, ಲೇಸರ್ ಶೋ ಕೇಳುತ್ತಿಲ್ಲ.

ಇನ್ನು ಕೆಲವು ಕಡೆ ಹೊಸ ರೋಗ ಶುರುವಾಗಿದೆ. ಬೋರ್ಡಿನ ಬದಲು ಒಂದು ಕ್ಯೂಆರ್ ಕೋಡ್ ಅಂಟಿಸಿ ಕೈ ತೊಳೆದುಕೊಳ್ಳುತ್ತಾರೆ. ಮಾವನ ಹತ್ತಿರ ಇರುವುದು ಬಟನ್ ಫೋನು. ನನ್ನ ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಪೇಜು ತೆರೆಯಲೇ ಇಲ್ಲ. ದಪ್ಪ ಕಲ್ಲಿನ ಗೋಡೆಯ ಒಳಗೆ ಸಿಗ್ನಲ್ ಸಿಗುತ್ತದಾ ಅಂತ ಅದನ್ನು ಅಂಟಿಸಿದವರು ಒಂದು ಸಲವಾದರೂ ಅಲ್ಲಿ ನಿಂತು ನೋಡಿದ್ದಾರಾ? ಓದಲು ಬರುವ ಮನುಷ್ಯ, ಓದಬೇಕು ಅಂತ ಆಸೆ ಇರುವ ಮನುಷ್ಯ, ದುಡ್ಡು ಕೊಟ್ಟು ಒಳಗೆ ಬಂದು, ಕಪ್ಪು ಬಿಳಿ ಚೌಕ ನೋಡಿಕೊಂಡು ವಾಪಸ್ ಹೋಗಬೇಕಾ?

ತೋಟಗಳದ್ದೂ ಇದೇ ಗೋಳು. ಮಾರನೇ ದಿನ ಒಂದು ಉದ್ಯಾನದಲ್ಲಿ ಮರಗಳಿಗೆ ತಗಡು ಹೊಡೆದಿದ್ದರು, ಮೊಳೆ ಮರದೊಳಗೇ ಇಳಿದಿತ್ತು. ತಗಡಿನ ಮೇಲೆ ಲ್ಯಾಟಿನ್ ಹೆಸರು, ಅದೂ ಇಂಗ್ಲಿಷ್ ಅಕ್ಷರದಲ್ಲಿ. ಕೆಳಗೆ ಆಕಾಶಮಲ್ಲಿಗೆ ಹೂವು ಬಿದ್ದಿತ್ತು, ಮಗು ಆರಿಸಿಕೊಳ್ಳುತ್ತಿತ್ತು, ಮರದ ಮೇಲೆ ಆ ಹೆಸರಿಲ್ಲ. ಪಕ್ಕದಲ್ಲಿ ನಾಗಲಿಂಗ. ನಾವು ಶಿವನ ಪೂಜೆಗೆ ಇಡುವ ಆ ಹೂವಿನ ಮರ ದಕ್ಷಿಣ ಅಮೆರಿಕದಿಂದ ಬಂದದ್ದು. ಮಳೆಮರವೂ ಆ ಕಡೆಯದೇ, ಸಂಜೆ ಆದರೆ ಎಲೆ ಮಡಚಿಕೊಳ್ಳುತ್ತದೆ. ಇಂಥದ್ದನ್ನು ಒಂದೊಂದು ಸಾಲು ಬರೆದರೆ ಮಕ್ಕಳು ಮರದಿಂದ ಮರಕ್ಕೆ ಓಡಿ ಓದುವುದಿಲ್ಲವಾ?

ಓದುತ್ತಾರೆ. ಅನುಮಾನವೇ ಬೇಡ. ಲಾಲ್‌ಬಾಗಿನ ಬಂಡೆಯ ಹತ್ತಿರ ನಾನೇ ನೋಡಿದೆ. 1760ರಲ್ಲಿ ಹೈದರಾಲಿ ತೋಟ ಮಾಡಿಸುವುದಕ್ಕೆ ಮೊದಲೇ, ಕೆಂಪೇಗೌಡರ ಗೋಪುರಕ್ಕೂ ಮೊದಲೇ, ಮನುಷ್ಯ ಅನ್ನುವ ಪ್ರಾಣಿ ಹುಟ್ಟುವುದಕ್ಕೂ ಎಷ್ಟೋ ಮೊದಲೇ ಇದ್ದ ಕಲ್ಲು ಅದು. ಸುಮಾರು 300 ಕೋಟಿ ವರ್ಷ ಹಳೆಯದು. 1975ರಲ್ಲಿ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದರು. ಅಲ್ಲಿ ಫಲಕ ಇದೆ. ಮಾವ ಅದನ್ನು ಜೋರಾಗಿ ಓದಿ ಹೇಳಿದರು. ಸೆಲ್ಫಿ ತೆಗೆದುಕೊಳ್ಳುತ್ತಿದ್ದ ಕಾಲೇಜು ಹುಡುಗರು ಫೋನು ಇಳಿಸಿ ಕೇಳಿದರು. ಮಗು ಕೂತು ಬಂಡೆಯ ಮೇಲೆ ಎರಡೂ ಅಂಗೈ ಒತ್ತಿಟ್ಟುಕೊಂಡಿತು. ಒಂದು ಫಲಕ ಮಾಡಿದ ಕೆಲಸ ಇದು. ಜನರಿಗೆ ಆಸಕ್ತಿ ಇಲ್ಲ ಅಂತ ಹೇಳುವವರು ಈ ಬಂಡೆಯ ಹತ್ತಿರ ಬಂದು ಅರ್ಧ ಗಂಟೆ ನಿಲ್ಲಲಿ.

ಕೆ.ಆರ್. ಮಾರ್ಕೆಟ್ ಕಡೆ ಹೋದರೆ ನನಗೆ ಇನ್ನೂ ಜಾಸ್ತಿ ಸಂಕಟ ಆಗುತ್ತದೆ. ಎಷ್ಟು ಸಾವಿರ ಜನ ಅಲ್ಲಿನ ಬೆಂಗಳೂರು ಕೋಟೆಯ ಪಕ್ಕದಲ್ಲೇ ಬಸ್ಸು ಹಿಡಿಯುತ್ತಾರೆ! 1537ರಲ್ಲಿ ಕೆಂಪೇಗೌಡರು ಮಣ್ಣಿನ ಕೋಟೆ ಕಟ್ಟಿಸಿದರು, 1761ರಲ್ಲಿ ಹೈದರಾಲಿ ಕಲ್ಲಿನಲ್ಲಿ ಕಟ್ಟಿಸಿದ. 1791ರ ಮಾರ್ಚ್ 21ರಂದು ಬ್ರಿಟಿಷರ ಕಾರ್ನ್‌ವಾಲಿಸನ ಸೈನ್ಯ ಒಳಗೆ ನುಗ್ಗಿತು. ಕೋಟೆಯಲ್ಲಿ ಈಗ ಉಳಿದಿರುವುದು ದೆಹಲಿ ಬಾಗಿಲು ಮತ್ತು ಒಂದಿಷ್ಟು ಗೋಡೆ. ನಾಲ್ಕು ಹೆಜ್ಜೆ ದೂರದಲ್ಲಿ ಟಿಪ್ಪುವಿನ ಮರದ ಅರಮನೆ, 1781ರಲ್ಲಿ ಶುರುವಾಗಿ 1791ರಲ್ಲಿ ಮುಗಿದದ್ದು. ಪಕ್ಕದಲ್ಲೇ ಚಿಕ್ಕದೇವರಾಜ ಒಡೆಯರ ಕಾಲದ ಕೋಟೆ ವೆಂಕಟರಮಣ ದೇವಸ್ಥಾನ. ಮೂರನ್ನೂ ಸೇರಿಸಿ ಒಂದು ನಕ್ಷೆ ಬರೆದು ಬಸ್ ಸ್ಟ್ಯಾಂಡಿನಲ್ಲಿ ಹಾಕಿದರೆ ಊರಿನ ಮುನ್ನೂರು ವರ್ಷ ಒಂದೇ ನಡಿಗೆಯಲ್ಲಿ ಸಿಗುತ್ತದೆ. ಆ ಜಾಗದಲ್ಲಿ ನಮ್ಮ ಕಣ್ಣಿಗೆ ಬೀಳುವುದು ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸು.

ಹಳೆಯ ಗೋಡೆಗಳ ಮೇಲೆ ಹೆಸರು ಕೆರೆಯುವವರನ್ನೂ ನಾನು ಬಿಡಲ್ಲ. ಹೃದಯ ಬರೆದು ಬಾಣ ಎಳೆದು ಇಬ್ಬರ ಹೆಸರು ಕೆತ್ತುತ್ತಾರಲ್ಲ, ಅವರಿಗೆ ನಾಚಿಕೆ ಆಗಬೇಕು. ರಾಷ್ಟ್ರೀಯ ಸಂರಕ್ಷಿತ ಸ್ಮಾರಕ ಹಾಳುಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಅಂತ ಕಾನೂನಿದೆ. ಹಾಕಿ ಒಳಗೆ. ಆದರೆ ದಂಡದ ಬೋರ್ಡು ಹಾಕುವ ಕೈ ಅದರ ಪಕ್ಕದಲ್ಲೇ ಈ ಗೋಡೆ ಯಾವುದು ಅಂತಲೂ ಬರೆಯಲಿ.

ದುಡ್ಡಿಲ್ಲ ಅನ್ನುವ ಮಾತನ್ನು ನಾನು ನಂಬುವುದಿಲ್ಲ. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲನ್ನು ನೋಡಿ. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು 750ರದ್ದು. ಅದನ್ನು ಉಳಿಸಿಕೊಳ್ಳಲು ಮುಂದೆ ಬಂದವರು ಇದೇ ಊರಿನ ಸಾಮಾನ್ಯ ಜನ. ಕಲ್ಲಿಗೆ ಒಂದು ಮಂಟಪವೂ ಆಯಿತು. ಜನರಿಂದ ಆಗುವುದು ಸಂಬಳ ತೆಗೆದುಕೊಳ್ಳುವವರಿಂದ ಯಾಕೆ ಆಗುವುದಿಲ್ಲ?

ಅವತ್ತು ಹೊರಡುವಾಗ ಆ ಮ್ಯೂಸಿಯಂನಲ್ಲಿ ದೂರು ಬರೆಯಲು ಪುಸ್ತಕ ಕೇಳಿದೆ. ಸಂದರ್ಶಕರ ಪುಸ್ತಕ ಕೊಟ್ಟರು. ಹೆಸರು, ಊರು, ಸಹಿ, ಕೊನೆಯಲ್ಲಿ ಅಭಿಪ್ರಾಯಕ್ಕೆ ಒಂದು ಇಂಚು ಜಾಗ. ನಾನು ಅಂಚಿನಲ್ಲೆಲ್ಲ ತುಂಬಿಸಿ ಬರೆದೆ. ಮಾವ ಮನೆಗೆ ಬಂದು, ತಾವು ಅಲ್ಲಿ ಓದಿಕೊಂಡಷ್ಟು ಕಲ್ಲುಗಳಿಗೆ ತಮ್ಮ ದುಂಡು ಅಕ್ಷರದಲ್ಲಿ ವಿವರಣೆ ಬರೆದುಕೊಟ್ಟರು. ಅದನ್ನು ಪತ್ರದ ಜೊತೆ ಅಂಚೆಯಲ್ಲಿ ಕಳಿಸಿದ್ದೇನೆ. ಉತ್ತರ ಇಲ್ಲ.

ನವೆಂಬರ್ ಬಂದರೆ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ. ಬೀದರಿನಿಂದ, ಕೊಪ್ಪಳದಿಂದ, ಚಾಮರಾಜನಗರದಿಂದ ಮಕ್ಕಳು ರಾತ್ರಿಯೆಲ್ಲ ಪ್ರಯಾಣ ಮಾಡಿ ರಾಜಧಾನಿ ನೋಡಲು ಬರುತ್ತಾರೆ. ಅವರ ಅಪ್ಪ ಅಮ್ಮ ಕೂಲಿ ಮಾಡಿ ದುಡ್ಡು ಕಟ್ಟಿರುತ್ತಾರೆ. ಕೈಯಲ್ಲಿ ನೋಟ್‌ಬುಕ್ಕು, ಪೆನ್ನು ಹಿಡಿದುಕೊಂಡೇ ಇಳಿಯುತ್ತಾರೆ. ಬರೆದುಕೊಳ್ಳಲು ಅಲ್ಲಿ ಏನಾದರೂ ಇರಬೇಕಲ್ಲ? ಆ ಬಸ್ಸುಗಳು ಬರುವುದರೊಳಗೆ ಬೋರ್ಡು ಹಾಕಿ. ಕನ್ನಡದಲ್ಲಿ ಹಾಕಿ, ಎತ್ತರಕ್ಕೆ ಹಾಕಿ, ಲೈಟು ಹಾಕಿ.